ಖಾಲಾ ಕೊಡದ ರಸೀದಿ

ಮಿಸ್ಸಿಸಾಗಾದಲ್ಲಿ ನಮಗೆ ಬಂಧುಗಳೆಂಬುವರು ಯಾರೂ ಇರಲಿಲ್ಲ. ಕೆನಡಾದ ಟೊರೊಂಟೊ ನಗರಕ್ಕೆ ಅಂಟಿಕೊಂಡಿರುವ ಆ ಊರಿಗೆ ನಾವು 2012ರಲ್ಲಿ ಹೋದಾಗ ನಮ್ಮ ಬಳಿ ಇದ್ದದ್ದು ನಾಲ್ಕು ಸೂಟ್‌ಕೇಸು, ಒಂದು ಕುಕ್ಕರು, ಒಂದಿಷ್ಟು ಕನ್ನಡ-ಉರ್ದು ಪುಸ್ತಕಗಳು. ಮರುವರ್ಷ ಮಗಳು ಹುಟ್ಟಿದಳು. ಅವಳಿಗೆ ಒಂದು ವರ್ಷ ತುಂಬಿ ಹೆರಿಗೆಯ ರಜೆ ಮುಗಿಯುತ್ತಾ ಬಂದಂತೆ ಮನೆಯಲ್ಲಿ ಒಂದೇ ಮಾತು: ಮಗುವನ್ನು ಯಾರ ಕೈಗೆ ಕೊಡುವುದು?

ಊರಿನಲ್ಲಾಗಿದ್ದರೆ ಇದು ಪ್ರಶ್ನೆಯೇ ಅಲ್ಲ. ಸಿರಾದ ನಮ್ಮ ಓಣಿಯಲ್ಲಿ ಯಾವ ಮಗು ಯಾರ ಮನೆಯಲ್ಲಿ ಉಂಡಿತು, ಯಾರ ಮಡಿಲಲ್ಲಿ ಮಲಗಿತು ಎಂಬ ಲೆಕ್ಕವನ್ನು ಯಾರೂ ಇಡುತ್ತಿರಲಿಲ್ಲ. ಇಲ್ಲಿ ಮಾತ್ರ ಎಲ್ಲಕ್ಕೂ ಲೆಕ್ಕ. ನೋಂದಾಯಿತ ಡೇಕೇರಿನಲ್ಲಿ ಒಂದು ವರ್ಷದ ಮಗುವಿಗೆ ತಿಂಗಳಿಗೆ ಸಾವಿರ ಡಾಲರಿಗೂ ಮೇಲೆ ಕೇಳಿದರು. ನಮ್ಮಿಬ್ಬರಲ್ಲಿ ಒಬ್ಬರಿಗೆ ಕಂಪ್ಯೂಟರಿನ ಕೆಲಸವಿತ್ತು. ಇನ್ನೊಬ್ಬರಿಗೆ ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸುವ ಕೆಲಸ. ಚೀಟಿ ಅಂಟಿಸಿ ಬರುವ ಸಂಬಳದಲ್ಲಿ ಮುಕ್ಕಾಲು ಪಾಲು ಡೇಕೇರಿಗೇ ಹೋಗುವುದಾದರೆ ಕೆಲಸಕ್ಕೆ ಹೋಗುವುದಾದರೂ ಏಕೆ?

ಆಗ ಸಿಕ್ಕವರು ಖಾಲಾ.

ಉರ್ದುವಿನಲ್ಲಿ ಖಾಲಾ ಎಂದರೆ ತಾಯಿಯ ತಂಗಿ ಅಥವಾ ಅಕ್ಕ. ಅವರು ಯಾರಿಗೂ ತಂಗಿಯಲ್ಲ, ಅಕ್ಕನೂ ಅಲ್ಲ. ಆದರೂ ಆ ರಸ್ತೆಯವರಿಗೆಲ್ಲ ಖಾಲಾ. ಹೈದರಾಬಾದಿನ ಕಡೆಯವರು. ಟ್ಯಾಕ್ಸಿ ಓಡಿಸುತ್ತಿದ್ದ ಗಂಡ ತೀರಿಕೊಂಡಿದ್ದರು. ಕಾಲೇಜಿಗೆ ಹೋಗುವ ಒಬ್ಬ ಮಗ. ನಮ್ಮ ಕಟ್ಟಡದ ಎದುರು, ರಸ್ತೆಯ ಆಚೆ ಬದಿಯಲ್ಲಿ, ಸರಕಾರದ ರಿಯಾಯಿತಿ ಬಾಡಿಗೆಯ ಮನೆ. ಮೊದಲ ದಿನ ಅವರ ಬಾಯಿಂದ 'ಹೌ', 'ನಕ್ಕೋ' ಎಂಬ ದಖನಿ ಮಾತು ಕೇಳಿದಾಗ ನಮಗೆ ಸಿರಾದ ಸಂತೆಯಲ್ಲಿ ನಿಂತಂತಾಯಿತು. ಮಗುವನ್ನು ಕೈಗೆ ಕೊಟ್ಟೆವು. ಅದು ಅಳಲಿಲ್ಲ. ಅಲ್ಲಿಗೆ ಎಲ್ಲ ತೀರ್ಮಾನವಾದಂತೆ.

ದಿನಕ್ಕೆ 25 ಡಾಲರ್. ವಾರಕ್ಕೆ ಐದು ದಿನ. ಪ್ರತಿ ಶುಕ್ರವಾರ ಸಂಜೆ ಒಂದು ಲಕೋಟೆಯಲ್ಲಿ 125 ಡಾಲರ್ ಇಟ್ಟು ಕೊಡುವುದು. ಅವರು ಎಣಿಸುತ್ತಿರಲಿಲ್ಲ, ದುಪಟ್ಟಾದ ಸೆರಗಿನೊಳಗೆ ಹಿಡಿದು ಬಾಗಿಲವರೆಗೆ ಬಂದು ಮಗುವಿನ ಟೊಪ್ಪಿಗೆ ಸರಿಪಡಿಸಿ ಕಳುಹಿಸುತ್ತಿದ್ದರು. ಹೀಗೆ 2014ರ ನವೆಂಬರಿನಿಂದ ಎರಡು ವರ್ಷ ನಡೆಯಿತು. ಒಂದು ಅಕ್ಷರದ ಬರವಣಿಗೆ ಇಲ್ಲ. ನಾವು ಕೇಳಲಿಲ್ಲ, ಅವರು ಕೊಡಲಿಲ್ಲ. ಕೇಳಿದ್ದರೆ ಅವಮಾನವಾಗುತ್ತಿತ್ತೇನೋ ಎಂದು ಅಂದುಕೊಂಡಿದ್ದೆವು. ಯಾರಿಗೆ ಅವಮಾನ ಎಂದು ಮಾತ್ರ ಯೋಚಿಸಿರಲಿಲ್ಲ.

ಇಲ್ಲಿ ಓದುಗರಿಗೆ ಒಂದು ಮಾತು. ಉರ್ದು ಶಾಲೆಯಲ್ಲಿ ಕಲಿತವರ ನಾಲಗೆಗೆ 'ನಾನು' ಎನ್ನುವುದಕ್ಕಿಂತ 'ಹಮ್' ಎನ್ನುವುದೇ ಸಲೀಸು. ಈ ಲೇಖನದ 'ನಾವು' ಅದೂ ಹೌದು, ಗಂಡ-ಹೆಂಡಿರಿಬ್ಬರೂ ಹೌದು. ಈ ವಿಷಯದಲ್ಲಿ ತಪ್ಪು ಯಾರ ಪಾಲಿಗೆ ಎಷ್ಟು ಎಂದು ಭಾಗ ಮಾಡಲು ನಾವು ಹೋಗುವುದಿಲ್ಲ.

2016ರ ಏಪ್ರಿಲ್ ಬಂತು. ಕೆನಡಾದಲ್ಲಿ ಬಹುಪಾಲು ಜನರಿಗೆ ಏಪ್ರಿಲ್ 30 ಎಂದರೆ ಹಿಂದಿನ ವರ್ಷದ ಆದಾಯ ತೆರಿಗೆಯ ಲೆಕ್ಕ ಒಪ್ಪಿಸುವ ಕೊನೆಯ ದಿನ. ಹಳ್ಳಿಯಲ್ಲಿ ಸುಗ್ಗಿ ಬಂದಂತೆ ಅಂಗಡಿ ಮುಂಗಟ್ಟುಗಳಲ್ಲಿ ತೆರಿಗೆ ಬರೆದುಕೊಡುವವರು ಮೇಜು ಹಾಕಿ ಕೂರುತ್ತಾರೆ. ಅಂಥ ಒಬ್ಬರ ಮುಂದೆ ನಾವೂ ಕೂತೆವು. ಅವರು ಕೇಳಿದ ಮೂರನೆಯ ಪ್ರಶ್ನೆ: "ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ದುಡ್ಡು ಕೊಡುತ್ತೀರಾ? ಹಾಗಾದರೆ ಅದನ್ನು ಕಳೆಯಬಹುದಲ್ಲ!"

ಮಗುವಿನ ಪಾಲನೆಗೆ ಕೊಟ್ಟ ಹಣವನ್ನು ಆದಾಯದಿಂದ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟುವ ಸೌಲಭ್ಯ ಅಲ್ಲಿ 1972ರಿಂದ ಇದೆ. ಹೆಂಗಸರು ಮನೆಯಿಂದಾಚೆ ದುಡಿಯಲು ಹೊರಟ ಕಾಲ ಅದು. ಆ ಹಿಂದೆಯೇ, 1970ರಲ್ಲಿ, ಮಹಿಳೆಯರ ಸ್ಥಾನಮಾನದ ಬಗೆಗಿನ ರಾಯಲ್ ಆಯೋಗ ತನ್ನ ವರದಿ ಕೊಟ್ಟಿತ್ತು. ನಾವು ಲೆಕ್ಕ ಒಪ್ಪಿಸಿದ 2015ನೇ ವರ್ಷಕ್ಕೆ ಮಿತಿಯನ್ನು ಹೆಚ್ಚಿಸಿದ್ದರು: ಏಳು ವರ್ಷದೊಳಗಿನ ಮಗುವಿಗೆ 7,000 ಇದ್ದದ್ದು 8,000 ಡಾಲರ್ ಆಗಿತ್ತು. ಸಾಮಾನ್ಯವಾಗಿ ಗಂಡ-ಹೆಂಡಿರಲ್ಲಿ ಆದಾಯ ಕಡಿಮೆ ಇರುವವರೇ ಇದನ್ನು ಕಳೆಯಬೇಕು, ಅದೂ ಅವರ ದುಡಿಮೆಯ ಮೂರನೇ ಎರಡು ಭಾಗಕ್ಕೆ ಮೀರದಂತೆ. ಹಣ ಪಡೆದವರು ಮಗುವಿನ ತಂದೆ-ತಾಯಿ ಆಗಿರಕೂಡದು, ಹದಿನೆಂಟು ತುಂಬದ ನೆಂಟರೂ ಆಗಿರಕೂಡದು. ಅಜ್ಜಿಗೆ ನಿಜವಾಗಿ ಹಣ ಕೊಟ್ಟಿದ್ದರೆ ಅಡ್ಡಿಯಿಲ್ಲ. ತಾಯಿ ತಾನೇ ನೋಡಿಕೊಂಡರೆ ಮಾತ್ರ ಅದಕ್ಕೆ ಲೆಕ್ಕವೇ ಇಲ್ಲ!

ನಲವತ್ತೆಂಟು ವಾರ, ವಾರಕ್ಕೆ 125. ಒಟ್ಟು 6,000 ಡಾಲರ್. ನಮ್ಮಿಬ್ಬರಲ್ಲಿ ಕಡಿಮೆ ಸಂಬಳದವರ ತೆರಿಗೆ ದರ ಕೇಂದ್ರದ್ದೂ ಒಂಟಾರಿಯೋ ಪ್ರಾಂತ್ಯದ್ದೂ ಸೇರಿ ನೂರಕ್ಕೆ ಇಪ್ಪತ್ತು. ಅಂದರೆ 1,200 ಡಾಲರ್ ಉಳಿತಾಯ. ಆಗಿನ ಲೆಕ್ಕದಲ್ಲಿ ಸುಮಾರು 60,000 ರೂಪಾಯಿ. ನಮ್ಮ ಕಣ್ಣು ಅಗಲವಾದದ್ದನ್ನು ಆ ಮನುಷ್ಯರು ನೋಡಿರಬೇಕು.

ಟಿ778 ಎಂಬ ನಮೂನೆಯಲ್ಲಿ ಪಾಲಕಿಯ ಹೆಸರು ಮತ್ತು ಅವರ ಸಾಮಾಜಿಕ ವಿಮಾ ಸಂಖ್ಯೆ ಬರೆಯಬೇಕು. ಒಂಬತ್ತು ಅಂಕಿಯ ಆ ಸಂಖ್ಯೆಯೇ ಅಲ್ಲಿ ಮನುಷ್ಯನ ಗುರುತು. ಹಣ ಪಡೆದವರು ಅದೇ ಸಂಖ್ಯೆ ಹಾಕಿ ರಸೀದಿ ಕೊಡಬೇಕು. ಆ ರಸೀದಿಯನ್ನು ಲೆಕ್ಕದ ಜೊತೆ ಕಳುಹಿಸಬೇಕಾಗಿಲ್ಲ. ಆದರೆ ಆರು ವರ್ಷ ಕಾಪಾಡಿಕೊಂಡಿರಬೇಕು. "ನಂಬರ್ ಗೊತ್ತಿಲ್ಲ, ರಸೀದಿಯೂ ಇಲ್ಲ" ಎಂದೆವು. "ಹೆಸರು ಬರೆಯೋಣ. ಕೇಳಿದರೆ ಆಮೇಲೆ ತರಿಸಿದರಾಯಿತು. ಯಾರೂ ಕೇಳುವುದಿಲ್ಲ ಬಿಡಿ" ಎಂದರು. ನಾವು ಬಿಟ್ಟೆವು. ಜೂನ್ ತಿಂಗಳೊಳಗೆ ಹಣ ಬಂತು. ಸಿರಾದಲ್ಲಿದ್ದ ಅಮ್ಮಿಯ ಕಣ್ಣಿನ ಪೊರೆ ತೆಗೆಸಲು ಕಳುಹಿಸಿಬಿಟ್ಟೆವು. ಒಳ್ಳೆಯ ಕೆಲಸಕ್ಕೆ ಖರ್ಚಾದ ಹಣದ ಮೂಲವನ್ನು ಯಾರು ಕೆದಕುತ್ತಾರೆ?

ಸೆಪ್ಟೆಂಬರಿನಲ್ಲಿ ಕಂದು ಲಕೋಟೆ ಬಂತು. ಅದರಲ್ಲಿ ಗದರಿಕೆ ಏನೂ ಇರಲಿಲ್ಲ. ನಿಮ್ಮ ಲೆಕ್ಕವನ್ನು ಪರಿಶೀಲನೆಗೆ ಆರಿಸಲಾಗಿದೆ, ಮಗುವಿನ ಪಾಲನೆಯ ಖರ್ಚಿನ ರಸೀದಿಗಳನ್ನು ಮೂವತ್ತು ದಿನಗಳೊಳಗೆ ಕಳುಹಿಸಿ ಎಂದು ವಿನಯದಿಂದಲೇ ಬರೆದಿದ್ದರು. ಆ ವಿನಯವೇ ನಮ್ಮನ್ನು ಹೆಚ್ಚು ಹೆದರಿಸಿತು.

ಅದೇ ಸಂಜೆ ಮಗುವನ್ನು ಕರೆತರಲು ಹೋದಾಗ ವಿಷಯ ತೆಗೆದೆವು. "ಖಾಲಾ, ಒಂದು ಚೀಟಿ ಬರೆದುಕೊಡಬೇಕಿತ್ತು... ನಿಮ್ಮ ನಂಬರ್ ಹಾಕಿ." ಅವರು ಒಲೆಯ ಮುಂದಿದ್ದರು. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, "ನಕ್ಕೋ ಬೇಟಾ" ಎಂದರು. ಮತ್ತೆ, "ಕಾಗದದಲ್ಲಿ ಬಂದರೆ ನಾನು ಕೆಲಸದವಳು. ಬಾರದಿದ್ದರೆ ಖಾಲಾ" ಎಂದರು. ನಮಗೆ ಅದು ಮಾನದ ಮಾತೆಂದು ತೋರಿತು. ಮಾನದ ಮಾತೂ ಆಗಿತ್ತು, ಭಯದ ಮಾತೂ ಆಗಿತ್ತು ಎಂದು ತಿಳಿದದ್ದು ಅವರ ಮಗ ನಮ್ಮನ್ನು ಲಿಫ್ಟಿನವರೆಗೆ ಬಿಡಲು ಬಂದಾಗ.

ಅವರ ಮನೆಯ ಬಾಡಿಗೆ ಆದಾಯಕ್ಕೆ ತಕ್ಕ ಬಾಡಿಗೆ. ಒಂಟಾರಿಯೋದ ಇಂಥ ಮನೆಗಳಲ್ಲಿ ಕುಟುಂಬದ ಆದಾಯದ ನೂರಕ್ಕೆ ಮೂವತ್ತರಷ್ಟು ಬಾಡಿಗೆ ಕೊಡಬೇಕು. ಖಾಲಾ ಅವರಿಗೆ ಕಾಗದದ ಮೇಲೆ ಇದ್ದದ್ದು ಗಂಡನ ಕಡೆಯಿಂದ ಬರುವ ವಿಧವಾ ಪಿಂಚಣಿ ಮಾತ್ರ. ನಮ್ಮ 6,000 ಡಾಲರ್ ಕಾಗದಕ್ಕೆ ಬಂದರೆ, ದುಡಿಯುವವರಿಗೆ ಬಿಡುವ ಸಣ್ಣ ರಿಯಾಯಿತಿಯನ್ನು ಕಳೆದರೂ, ವರ್ಷಕ್ಕೆ 1,500 ಡಾಲರಿನಷ್ಟು ಬಾಡಿಗೆ ಏರುತ್ತದೆ. ಆದಾಯ ತೆರಿಗೆ ಬೀಳುವಷ್ಟು ದುಡಿಮೆ ಅಲ್ಲ ಅದು. ಆದರೆ ಸ್ವಂತ ದುಡಿಮೆಯವರು 3,500 ಡಾಲರಿಗೆ ಮೇಲ್ಪಟ್ಟ ಗಳಿಕೆಯ ಮೇಲೆ ಆಗ ನೂರಕ್ಕೆ 9.9ರಂತೆ ಪಿಂಚಣಿ ನಿಧಿಗೆ ಕಟ್ಟಬೇಕಿತ್ತು. ಅದೊಂದು 250. ನಮಗೆ 1,200 ಉಳಿಯಲು ಅವರಿಗೆ 1,750 ಹೋಗಬೇಕು. ಆ ರಾತ್ರಿ ನಾವು ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ಈ ಸಂಖ್ಯೆಗಳನ್ನು ಬರೆದು ಬಹಳ ಹೊತ್ತು ಸುಮ್ಮನೆ ಕೂತಿದ್ದೆವು.

ಸುಮ್ಮನೆ ಕೂತದ್ದು ಒಂದು ರಾತ್ರಿ ಮಾತ್ರ. ಮರುದಿನದಿಂದ ಜಗಳ ಶುರುವಾಯಿತು. ಯಾರು ಏನೆಂದರು ಎಂಬುದು ಈಗ ಮುಖ್ಯವಲ್ಲ, ಮೂರು ದಿನಗಳಲ್ಲಿ ಇಬ್ಬರೂ ಎರಡೂ ಕಡೆಯ ಮಾತನ್ನು ಆಡಿ ಮುಗಿಸಿದ್ದೆವು. "ಕಾನೂನು ನಮ್ಮ ಕಡೆ ಇದೆ" ಎಂಬುದು ಒಂದು ಮಾತು. ನಿಜವೇ. ಪರವಾನಗಿ ಇಲ್ಲದೆ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ಒಂಟಾರಿಯೋದಲ್ಲಿ ಅಪರಾಧವಲ್ಲ. ಐದು ಮಕ್ಕಳವರೆಗೆ ನೋಡಿಕೊಳ್ಳಬಹುದು. ಆದರೆ ತಂದೆ-ತಾಯಿ ಕೇಳಿದರೆ ರಸೀದಿ ಕೊಡಲೇಬೇಕು ಎಂದು 2014ರ ಶಿಶುಪಾಲನಾ ಕಾಯ್ದೆ ಹೇಳುತ್ತದೆ. ಆ ಕಾಯ್ದೆಯನ್ನು ಹಿಡಿದು ಖಾಲಾ ಅವರ ಬಾಗಿಲು ತಟ್ಟುವುದೇ? "ನಮ್ಮ ಮಗು ಯಾರ ಕೈಯಿಂದ ಅನ್ನ ತಿನ್ನುತ್ತಿದೆಯೋ ಆ ಕೈಯನ್ನು ತಿರುಚುವುದೇ?" ಎಂಬುದು ಇನ್ನೊಂದು ಮಾತು.

ಪರಿಚಯದವರೊಬ್ಬರು ಮೂರನೆಯ ದಾರಿ ತೋರಿಸಿದರು. "ಅಷ್ಟಕ್ಕೆ ಏಕೆ ತಲೆ ಕೆಡಿಸಿಕೊಳ್ಳುತ್ತೀರಿ? ನನ್ನ ಅತ್ತೆಯ ನಂಬರ್ ಹಾಕಿ ರಸೀದಿ ಬರೆದುಕೊಡುತ್ತೇನೆ. ಅವರಿಗೆ ಏನೂ ಆದಾಯವಿಲ್ಲ, ಬಾಡಿಗೆ ಮನೆಯೂ ಇಲ್ಲ. ಇನ್ನೂರು ಡಾಲರ್ ಕೊಡಿ ಸಾಕು." ಮಗುವಿನ ಮುಖವನ್ನೂ ನೋಡದ ಒಬ್ಬ ಅತ್ತೆ ವರ್ಷವಿಡೀ ಅದನ್ನು ಎತ್ತಿ ಆಡಿಸಿದ್ದಾಗಿ ಬರೆಯುವುದು! ಗೊತ್ತಿದ್ದೂ ಸುಳ್ಳು ಲೆಕ್ಕ ಕೊಟ್ಟರೆ ಮುಚ್ಚಿಟ್ಟ ತೆರಿಗೆಯ ಅರ್ಧದಷ್ಟು ದಂಡ ಬೀಳುತ್ತದೆ. ನಾವು ಬೇಡವೆಂದದ್ದು ದಂಡದ ಭಯದಿಂದ ಎಂದು ಆಗ ಹೇಳಿಕೊಂಡೆವು. ಈಗ ನೆನೆದರೆ, ಖಾಲಾ ಅವರ ಹೆಸರನ್ನು ಅಳಿಸಿ ಬೇರೊಬ್ಬರ ಹೆಸರನ್ನು ಬರೆಯುವ ಕಲ್ಪನೆಯೇ ಹೊಟ್ಟೆ ತೊಳಸಿದ್ದು ಹೆಚ್ಚು ನಿಜ.

ನಾಲ್ಕನೆಯ ದಾರಿಯೂ ಇತ್ತು. ರಸೀದಿಯಲ್ಲಿ ಸಂಖ್ಯೆ ಇಲ್ಲದಿದ್ದರೂ ಹಣ ಕೊಟ್ಟದ್ದು ಬೇರೆ ಸಾಕ್ಷ್ಯದಿಂದ ಸಾಬೀತಾದರೆ ಸಾಕು ಎಂದು ಕೆನಡಾದ ತೆರಿಗೆ ನ್ಯಾಯಾಲಯದ ಕೆಲವು ನ್ಯಾಯಾಧೀಶರು ತೊಂಬತ್ತರ ದಶಕದಲ್ಲೇ ಹೇಳಿದ್ದುಂಟು. ಇಲ್ಲ, ಸಂಖ್ಯೆ ಬೇಕೇಬೇಕು ಎಂದು ಬೇರೆಯವರು ಹೇಳಿದ್ದೂ ಉಂಟು. ಪ್ರತಿ ಶುಕ್ರವಾರ ಬ್ಯಾಂಕಿನಿಂದ 125 ಡಾಲರ್ ತೆಗೆದ ದಾಖಲೆ ನಮ್ಮಲ್ಲಿತ್ತು. ವಾದಿಸಬಹುದಿತ್ತು. ಆದರೆ ವಾದದ ಮೊದಲ ಸಾಲಿನಲ್ಲೇ 'ಯಾರಿಗೆ ಕೊಟ್ಟಿರಿ?' ಎಂಬ ಪ್ರಶ್ನೆ ಇರುತ್ತದೆಯಲ್ಲ!

ಮಗುವಿನ ಪಾಲನೆ ಎಂಬುದು ಕಾನೂನಿನ ಕಣ್ಣಿಗೆ ಏನು ಎಂಬುದರ ಮೇಲೆ ಆ ದೇಶದಲ್ಲಿ ದೊಡ್ಡ ಮೊಕದ್ದಮೆಯೇ ನಡೆದಿದೆ. ಎಲಿಜಬೆತ್ ಸೈಮ್ಸ್ ಎಂಬ ಟೊರೊಂಟೊದ ವಕೀಲೆ, ಮಕ್ಕಳನ್ನು ನೋಡಿಕೊಳ್ಳುವ ದಾದಿಗೆ ಕೊಟ್ಟ ಸಂಬಳವನ್ನು ತನ್ನ ವೃತ್ತಿಯ ಖರ್ಚೆಂದು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟಿನವರೆಗೆ ಹೋದರು. ದಾದಿ ಇಲ್ಲದಿದ್ದರೆ ಕಚೇರಿಗೆ ಹೋಗುವುದೆಂತು ಎಂಬುದು ಅವರ ವಾದ. 1993ರಲ್ಲಿ ತೀರ್ಪು ಬಂತು. ಏಳು ಮಂದಿ ನ್ಯಾಯಾಧೀಶರು ಆಗದು ಎಂದರು, ಇಬ್ಬರು ಆದೀತು ಎಂದರು. ಆ ಪೀಠದಲ್ಲಿ ಇದ್ದ ಮಹಿಳಾ ನ್ಯಾಯಾಧೀಶರು ಇಬ್ಬರೇ. ಆದೀತು ಎಂದವರೂ ಅವರೇ. ಇದನ್ನು ಓದಿದಾಗ ನಮಗೆ ನಗು ಬಂತು, ಬೇಸರವೂ ಆಯಿತು. ಆದರೆ ಆ ವಕೀಲೆಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ಅವರ ಮಕ್ಕಳನ್ನು ನೋಡಿಕೊಂಡವರ ಹೆಸರನ್ನು ಯಾರು ನೆನೆಯುತ್ತಾರೆ?

ಆ ದಿನಗಳಲ್ಲಿ ನಮಗೆ ಪದೇ ಪದೇ ನೆನಪಾಗುತ್ತಿದ್ದದ್ದು ಅಮ್ಮಿಯ ಬೀಡಿ ಪುಸ್ತಕ.

ಸಿರಾದ ನಮ್ಮ ಮನೆಯಲ್ಲಿ ಅಮ್ಮಿ ಬೀಡಿ ಕಟ್ಟುತ್ತಿದ್ದರು. 1966ರ ಬೀಡಿ ಕಾರ್ಮಿಕರ ಕಾಯ್ದೆಯಿಂದಾಗಿ ಮನೆಯಲ್ಲಿ ಬೀಡಿ ಕಟ್ಟುವವರಿಗೂ ಒಂದು ಪುಸ್ತಕ ಇರಬೇಕಿತ್ತು. ದಿನಕ್ಕೆ ಎಷ್ಟು ಎಲೆ ಕೊಟ್ಟರು, ಎಷ್ಟು ಬೀಡಿ ಬಂತು ಎಂದು ಅದರಲ್ಲಿ ಗುತ್ತಿಗೆದಾರ ಬರೆಯಬೇಕು. ಆ ಪುಸ್ತಕವೂ ಗುರುತಿನ ಚೀಟಿಯೂ ಇದ್ದುದರಿಂದಲೇ ನಮಗೆ ಬೀಡಿ ಕಾರ್ಮಿಕರ ಮಕ್ಕಳೆಂದು ವಿದ್ಯಾರ್ಥಿವೇತನ ಬಂತು. ಪಕ್ಕದ ಮನೆಯ ಹೆಂಗಸೊಬ್ಬರಿಗೆ ಪುಸ್ತಕವಿರಲಿಲ್ಲ. ಅವರು ಕಟ್ಟಿದ ಬೀಡಿಯೂ ಅಮ್ಮಿಯ ಪುಸ್ತಕದಲ್ಲೇ ಸೇರುತ್ತಿತ್ತು. ಕೂಲಿ ಮಾತ್ರ ಕೈಗೆ. ವರ್ಷಗಳ ಬಳಿಕ ಅಮ್ಮಿಗೆ ಭವಿಷ್ಯನಿಧಿಯ ಹಣ ಬಂದಾಗ ಅವರು ಒಂದು ಪಾಲನ್ನು ಎಣಿಸಿ ಪಕ್ಕದ ಮನೆಗೆ ಕೊಟ್ಟು ಬಂದರು. ಆದರೆ ತಿಂಗಳು ತಿಂಗಳು ಬರುವ ಪಿಂಚಣಿಯಲ್ಲಿ ಪಾಲು ಎಷ್ಟು ದಿನ ಕೊಡಲಾದೀತು? ಆ ಹೆಂಗಸಿನ ಬೆರಳುಗಳೂ ಅಮ್ಮಿಯ ಬೆರಳುಗಳಷ್ಟೇ ಕಪ್ಪಾಗಿದ್ದವು. ಸರಕಾರದ ಲೆಕ್ಕದಲ್ಲಿ ಅವರು ಒಂದು ಬೀಡಿಯನ್ನೂ ಕಟ್ಟಿರಲಿಲ್ಲ.

ನಾವು ಖಾಲಾ ಅವರಿಗೆ ಮಾಡಿದ್ದೂ ಇದನ್ನೇ ಅಲ್ಲವೇ? ಕಾಗದ ಬೇಡವೆಂದವರು ಅವರು ಎನ್ನುವುದು ಸುಲಭ. ಎರಡು ವರ್ಷ ಕಾಗದವಿಲ್ಲದ ವ್ಯವಹಾರದ ಲಾಭ ನಮಗೂ ಇತ್ತು: ಅಗ್ಗದ ದರ, ಯಾವ ಹೊಣೆಯೂ ಇಲ್ಲ, ನಾಳೆಯಿಂದ ಬೇಡವೆಂದರೆ ಬೇಡ. ಕಾಗದದ ನೆನಪು ನಮಗೆ ಬಂದದ್ದು ಅದರಿಂದ ನಮಗೆ ಹಣ ಬರುತ್ತದೆ ಎಂದು ಗೊತ್ತಾದ ದಿನ.

ಕುರ್‌ಆನಿನ ಅತ್ಯಂತ ದೀರ್ಘ ವಚನ ಯಾವುದರ ಬಗ್ಗೆ ಇದೆ ಎಂದು ಉರ್ದು ಶಾಲೆಯಲ್ಲಿ ಮೌಲವಿ ಸಾಹೇಬರು ಕೇಳುತ್ತಿದ್ದರು. ಸ್ವರ್ಗದ ಬಗ್ಗೆ ಎಂದು ಒಬ್ಬ, ನಮಾಜಿನ ಬಗ್ಗೆ ಎಂದು ಇನ್ನೊಬ್ಬ. ಅಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಅಲ್‌ಬಕರ ಅಧ್ಯಾಯದ 282ನೇ ವಚನ. ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಪಡಬೇಡಿ ಎಂಬುದು ಅದರ ತಾತ್ಪರ್ಯ. ಅದೇ ವಚನದ ಕೊನೆಗೆ, ಬರೆದವನಿಗಾಗಲಿ ಸಾಕ್ಷಿಗಾಗಲಿ ತೊಂದರೆಯಾಗಕೂಡದು ಎಂಬ ಮಾತೂ ಇದೆ. ಇಷ್ಟು ವರ್ಷ ಮೊದಲ ಮಾತಷ್ಟೇ ನೆನಪಿತ್ತು. ಆ ವಾರ ಎರಡನೆಯದೂ ನೆನಪಾಯಿತು.

ಇಪ್ಪತ್ತೆರಡನೆಯ ದಿನ ನಾವು ಇಲಾಖೆಗೆ ಬರೆದೆವು: ಮಗುವಿನ ಪಾಲನೆಗೆ ಹಣ ಕೊಟ್ಟದ್ದು ನಿಜ, ನಿಯಮದಂತೆ ರಸೀದಿ ಪಡೆದಿಲ್ಲ, ಆದ್ದರಿಂದ ಈ ಕಡಿತವನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ. ಕೆಲವು ವಾರಗಳ ಬಳಿಕ 1,200 ಡಾಲರನ್ನೂ ಅದರ ಮೇಲಿನ ಸ್ವಲ್ಪ ಬಡ್ಡಿಯನ್ನೂ ಕಟ್ಟಿರೆಂದು ಕಾಗದ ಬಂತು. ಕಂತಿನಲ್ಲಿ ಕಟ್ಟಿದೆವು. ಇದನ್ನು ದೊಡ್ಡ ತ್ಯಾಗವೆಂದು ಓದುಗರು ತಿಳಿಯಬಾರದು. ಖಾಲಾ ಅವರ ಆದಾಯ ಮುಚ್ಚಿಕೊಂಡಿರಲು ನಾವೂ ನೆರವಾದಂತಾಯಿತು. ಅಂಥ ರಿಯಾಯಿತಿ ಮನೆಗಾಗಿ ವರ್ಷಗಟ್ಟಲೆ ಕಾಯುವ ಬಡವರು ಆ ಊರಿನಲ್ಲಿದ್ದರು. ಅದು ಸರಿ ಎಂದು ಇಂದಿಗೂ ನಾವು ಎದೆ ತಟ್ಟಿ ಹೇಳಲಾರೆವು.

ವಿಷಯ ಮುಗಿಯಿತು, ಇನ್ನು ಚಿಂತೆ ಬೇಡ ಎಂದು ಹೇಳಲು ಖಾಲಾ ಅವರ ಮನೆಗೆ ಹೋದೆವು. ಅವರು ಕೇಳಿಸಿಕೊಂಡು ಒಳಗೆ ಹೋಗಿ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರನ್ನು ತಂದು ಮೇಜಿನ ಮೇಲಿಟ್ಟರು. ಹಲಾಲ್ ಮಾಂಸದ ಅಂಗಡಿಯವರು ಪುಕ್ಕಟೆ ಕೊಡುವ ಕ್ಯಾಲೆಂಡರ್. ಅದರ ಕೆಳಗೆ ಹಿಂದಿನ ವರ್ಷದ್ದೂ ಇತ್ತು. ಎರಡು ವರ್ಷ ದಿನಾ ಆ ಅಡುಗೆಮನೆಗೆ ಹೋಗಿ ಬಂದರೂ ನಾವು ಅದನ್ನು ಓದಿರಲಿಲ್ಲ. ಪ್ರತಿ ದಿನದ ಚೌಕದಲ್ಲೂ ಪೆನ್ಸಿಲಿನಲ್ಲಿ ಉರ್ದು ಬರಹ. ಬಂದ ಹೊತ್ತು, ಹೋದ ಹೊತ್ತು. 'ಖಿಚಡಿ ತಿಂದಳು.' 'ಜ್ವರ, ಔಷಧಿ ಎರಡು ಸಲ.' 'ಇಂದು ನಡೆದಳು.' ಶುಕ್ರವಾರದ ಚೌಕದಲ್ಲಿ 125.

ಮಗಳು ಮೊದಲ ಹೆಜ್ಜೆ ಇಟ್ಟದ್ದು ಒಂದು ಭಾನುವಾರ ನಮ್ಮ ಮನೆಯಲ್ಲಿ ಎಂದು ನಾವು ತಿಳಿದಿದ್ದೆವು. ಫೋಟೋ ಕೂಡ ತೆಗೆದು ಊರಿಗೆ ಕಳುಹಿಸಿದ್ದೆವು. ಕ್ಯಾಲೆಂಡರಿನ ಪ್ರಕಾರ ಅದು ಅದರ ಹಿಂದಿನ ಗುರುವಾರ. ಖಾಲಾ ನಮಗೆ ಹೇಳಿರಲಿಲ್ಲ.

ಮೂರು ದಿನಗಳ ಸುತ್ತ ಪೆನ್ಸಿಲಿನಲ್ಲಿ ಸುತ್ತು ಹಾಕಿತ್ತು. ಏನೆಂದು ಕೇಳಿದೆವು. ಅವರು ಸಂಕೋಚದಿಂದ, "ಅದೇನಿಲ್ಲ ಬಿಡಿ" ಎಂದರು. ಮತ್ತೆ ಕೇಳಿದ್ದಕ್ಕೆ ಹೇಳಿದರು: ಆ ಮೂರು ದಿನ ಮಗು ಬಂದಿತ್ತು, ದುಡ್ಡು ಬಂದಿರಲಿಲ್ಲ. ಹಿಮ ಬಿದ್ದು ಬ್ಯಾಂಕಿಗೆ ಹೋಗಲಾಗದ ಒಂದು ವಾರ ಐವತ್ತು ಡಾಲರ್ ಮಾತ್ರ ಕೊಟ್ಟು, ಉಳಿದದ್ದು ಮುಂದಿನ ವಾರ ಎಂದು ಹೇಳಿ ಮರೆತಿದ್ದೆವು. 75 ಡಾಲರ್. ರಸೀದಿ ಕೇಳಲು ಬಂದಿದ್ದ ನಮ್ಮ ಸಾಲ ಅವರ ಗೋಡೆಯ ಮೇಲೆ ಇಪ್ಪತ್ತು ತಿಂಗಳಿನಿಂದ ತೂಗುತ್ತಿತ್ತು.

ಫಾರಸಿಯಲ್ಲಿ 'ರಸೀದ್' ಎಂದರೆ 'ತಲುಪಿತು' ಎಂದರ್ಥ. ಆ ಮಾತೇ ಉರ್ದುವಿಗೂ ಕನ್ನಡಕ್ಕೂ ಬಂದು ನಮ್ಮ ರಸೀದಿಯಾಗಿದೆ. ನಮ್ಮ ಹಣ ತಲುಪಿತು ಎಂದು ಅವರು ಬರೆದುಕೊಡಬೇಕೆಂದು ನಾವು ಜಗಳವಾಡಿದ್ದೆವು. ಅವರ ದುಡಿಮೆ ನಮಗೆ ತಲುಪಿತು ಎಂದು ನಾವೆಲ್ಲಿ ಬರೆದುಕೊಟ್ಟಿದ್ದೆವು?

ಆ 75 ಡಾಲರನ್ನು ಅಲ್ಲೇ ಕೊಟ್ಟೆವು. ಅವರು ಮೊದಲ ಬಾರಿಗೆ ಎಣಿಸಿದರು. ಎಣಿಸಿ, ಮೂರೂ ಚೌಕಗಳ ಸುತ್ತನ್ನು ರಬ್ಬರಿನಿಂದ ಅಳಿಸಿದರು.

ಮುಂದಿನದ್ದನ್ನು ಚಿಕ್ಕದಾಗಿ ಹೇಳುತ್ತೇವೆ. ಡಿಸೆಂಬರಿನಲ್ಲಿ ಅವರ ಮಗನನ್ನೂ ಕೂರಿಸಿಕೊಂಡು ಮೊದಲ ದಿನವೇ ಮಾಡಬೇಕಿದ್ದ ಲೆಕ್ಕವನ್ನು ಮಾಡಿದೆವು. ದಿನಕ್ಕೆ 32 ಡಾಲರ್ ಕೊಟ್ಟರೆ ವರ್ಷಕ್ಕೆ 7,680 ಆಗುತ್ತದೆ; ಮಿತಿಯೊಳಗೇ ಇದೆ. ನಾವು ಹೆಚ್ಚು ಕೊಡುವುದು 1,680. ರಸೀದಿ ಇದ್ದರೆ ತೆರಿಗೆಯಲ್ಲಿ ನಮಗೆ ಉಳಿಯುವುದು 1,500ಕ್ಕೂ ಮೇಲೆ. ಅಂದರೆ ನಮ್ಮ ಕೈಯಿಂದ ನಿಜವಾಗಿ ಹೋಗುವುದು ನೂರೈವತ್ತು ಡಾಲರ್! ಇಷ್ಟು ಕಡಿಮೆ ಬೆಲೆಗೆ ಆಗಬಹುದಾಗಿದ್ದ ಪ್ರಾಮಾಣಿಕತೆಗೆ ನಾವು ಎರಡು ವರ್ಷ ಹೆದರಿದ್ದೆವು. ಖಾಲಾ ಎರಡು ವಾರ ಯೋಚಿಸಿ 'ಹೌ' ಎಂದರು. 2017ರ ಜನವರಿಯಿಂದ ಪ್ರತಿ ತಿಂಗಳ ಕೊನೆಗೆ ರಸೀದಿ. ಇಂಗ್ಲಿಷಿನಲ್ಲಿ ಮಗ ತುಂಬುತ್ತಿದ್ದ, ಕೆಳಗೆ ಉರ್ದುವಿನಲ್ಲಿ ಖಾಲಾ ಸಹಿ ಹಾಕುತ್ತಿದ್ದರು.

2018ರ ವಸಂತದಲ್ಲಿ ಕಡಿಮೆ ಆದಾಯದವರಿಗೆ ಸ್ವಯಂಸೇವಕರು ಪುಕ್ಕಟೆಯಾಗಿ ತೆರಿಗೆ ಬರೆದುಕೊಡುವ ಶಿಬಿರಕ್ಕೆ ಅವರನ್ನು ಕರೆದುಕೊಂಡು ಹೋದೆವು. ಅಲ್ಲಿ ಕೂತಿದ್ದ ಹುಡುಗಿ ಲೆಕ್ಕ ಹಾಕುತ್ತಾ, ಇವರಿಗೆ ದುಡಿಯುವವರ ಸಹಾಯಧನ ಬರುತ್ತದಲ್ಲ ಎಂದಳು. ಕಡಿಮೆ ಗಳಿಕೆಯ ದುಡಿಮೆಗಾರರಿಗೆ 2007ರಿಂದ ಇದ್ದ ಸೌಲಭ್ಯ ಅದು. 2019ರಲ್ಲಿ ಅದನ್ನು ಹೆಚ್ಚಿಸಿ ಹೆಸರನ್ನೂ ಬದಲಿಸಿದರು. 3,000 ಡಾಲರಿಗೆ ಮೇಲ್ಪಟ್ಟ ದುಡಿಮೆಯ ನಾಲ್ಕನೇ ಒಂದು ಭಾಗ, ಒಂದು ಮಿತಿಯವರೆಗೆ. ಖಾಲಾ ಅವರಿಗೆ ಒಂಬೈನೂರು ಡಾಲರ್ ಚಿಲ್ಲರೆ ಬಂತು. ದುಡಿಯುತ್ತೇನೆ ಎಂದು ಬರೆದುಕೊಟ್ಟವರಿಗೆ ಮಾತ್ರ ಸಿಗುವ ಹಣ. ಬಾಡಿಗೆ ಏರಿತು, ಪಿಂಚಣಿ ನಿಧಿಗೂ ಕಟ್ಟಿದರು. ಆದರೂ ಕೂಡಿ ಕಳೆದಾಗ ಅವರಿಗೆ ನಷ್ಟವಾಗಲಿಲ್ಲ. ಕಾಗದ ಏನನ್ನು ಕಸಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಏನನ್ನು ಕೊಡುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ, ಓದಿದವರೆನಿಸಿಕೊಂಡ ನಮಗೂ ಗೊತ್ತಿರಲಿಲ್ಲ.

ನಮೂನೆ ತುಂಬುವಾಗ ಆ ಹುಡುಗಿ 'ವೃತ್ತಿ?' ಎಂದು ಕೇಳಿದಳು. ಖಾಲಾ ನಮ್ಮ ಮುಖ ನೋಡಿದರು. ಕೆಲಸದವಳು ಎಂದು ಬರೆಸುತ್ತಾರೋ ಏನೋ ಎಂದು ನಾವು ತಲೆ ತಗ್ಗಿಸಿದೆವು. ಅವರು, "ಮಕ್ಕಳನ್ನು ಬೆಳೆಸುತ್ತೇನೆ ಎಂದು ಬರೆಯಮ್ಮಾ" ಎಂದರು.

ಅದೇ ವರ್ಷ ನಾವು ಊರಿಗೆ ಮರಳಿದೆವು. ನಮ್ಮಲ್ಲಿ ಆಯಾಳಿಗೆ ಕೊಟ್ಟ ಸಂಬಳಕ್ಕೆ ಆದಾಯ ತೆರಿಗೆಯಲ್ಲಿ ಕಡಿತವಿಲ್ಲ. ಹಾಗಾಗಿ ರಸೀದಿಯನ್ನು ಯಾರೂ ಕೇಳುವುದಿಲ್ಲ, ಯಾರೂ ಬರೆಯುವುದೂ ಇಲ್ಲ. ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು ಕರ್ನಾಟಕ 2004ರಲ್ಲೇ ಗೊತ್ತುಪಡಿಸಿತು. ಆದರೆ ಎಷ್ಟು ದಿನ ದುಡಿದರು, ಎಷ್ಟು ಕೊಟ್ಟೆವು ಎಂಬ ಬರಹವೇ ಇಲ್ಲದ ಮನೆಗಳಲ್ಲಿ ಕನಿಷ್ಠ ಯಾವುದು, ಬಾಕಿ ಯಾವುದು ಎಂದು ತೋರಿಸುವುದು ಹೇಗೆ? ಕಳೆದ ವರ್ಷ ಬೆಂಗಳೂರಿನಲ್ಲಿ ನೆಂಟರ ಹುಡುಗಿ ತನ್ನ ಮಗುವಿಗೆ ಆಯಾಳನ್ನು ಗೊತ್ತು ಮಾಡಿದಾಗ ನಾವು ಒಂದೇ ಅಳತೆಯ ಎರಡು ನೋಟುಪುಸ್ತಕಗಳನ್ನು ಕೊಟ್ಟು ಬಂದೆವು. ಒಂದು ಅವಳಿಗೆ, ಒಂದು ಆಯಾಳಿಗೆ. ಇಬ್ಬರ ಸಹಿಯೂ ಎರಡರಲ್ಲೂ. "ಇದೆಲ್ಲ ಏಕೆ? ಅವಳು ಮನೆಯವಳಂತೆಯೇ ಅಲ್ಲವಾ?" ಎಂದು ಆ ಹುಡುಗಿ ನಕ್ಕಳು. ನಾವೂ ಒಂದು ಕಾಲದಲ್ಲಿ ಹಾಗೆಯೇ ಹೇಳುತ್ತಿದ್ದೆವು.

ಖಾಲಾ ಕೊಟ್ಟ ರಸೀದಿಗಳು ನಮ್ಮ ಬೀರುವಿನಲ್ಲಿವೆ. ಆರು ವರ್ಷ ಇಟ್ಟುಕೊಂಡರೆ ಸಾಕೆಂಬ ಅವಧಿ ಮುಗಿದುಹೋಗಿದೆ, ಎಸೆಯಲು ಮನಸ್ಸಾಗಿಲ್ಲ. ಈಗ ಹದಿಹರೆಯಕ್ಕೆ ಕಾಲಿಟ್ಟಿರುವ ಮಗಳು ಇತ್ತೀಚೆಗೆ ಅವನ್ನು ತೆಗೆದು, ಇವು ಏನು ಎಂದು ಕೇಳಿದಳು. ಅವಳಿಗೆ ಉರ್ದು ಬರುವುದಿಲ್ಲ. ಸಹಿಯ ಮೇಲೆ ಬೆರಳಿಟ್ಟು ಓದಿ ಹೇಳಿದೆವು. ನೀನು ಯಾವ ದಿನ ನಡೆಯಲು ಕಲಿತೆ ಎಂಬುದನ್ನು ನಾವಲ್ಲ, ಇವರು ಬರೆದಿಟ್ಟಿದ್ದರು ಎಂದೂ ಹೇಳಿದೆವು.